ಮುಂಬಯಿಯಲ್ಲಿ ಐದು ದಿನ

ದೇಶ ಸುತ್ತಬೇಕು, ಇಲ್ಲವೆ ಕೋಶ ಓದಬೇಕು ಎಂದು ಹಿರಿಯರು ಹೇಳುವರು. ಮೂವತ್ತೆರಡು ವರ್ಷಗಳ ಕಾಲ ಹಳ್ಳಿಯ ಶಾಲೆಯಲ್ಲಿ ಮಕ್ಕಳಿಗೆ ಭೂಗೋಳವನ್ನು ಬೋಧಿಸಿದ ನಾವು ಕೋಶವನ್ನು ಬೇಕಾದಷ್ಟು ಓದಿದೆವು. ದೇಶವನ್ನು ಸುತ್ತುವ ಯೋಗ ಮಾತ್ರ ನಿವೃತ್ತಿಯ ತರುವಾಯವೇ ಒದಗಿತು. ನಕಾಶೆಯ ಮೇಲೆ ಕೋಲನ್ನಿಟ್ಟು ಮುಂಬಯಿಯನ್ನು ಸಾವಿರ ಸಲ ತೋರಿಸಿದ್ದರೂ ಆ ಪಟ್ಟಣದ ಮಣ್ಣನ್ನು ಒಮ್ಮೆಯೂ ಮೆಟ್ಟಿರಲಿಲ್ಲ. ಕಳೆದ ಮಾಘಮಾಸದಲ್ಲಿ ಆ ಕೊರತೆಯು ನೀಗಿತು. ಅಲ್ಲಿ ಕಂಡ ವಿಶೇಷಗಳನ್ನೂ, ಕಾಣಲರಿಯದೆ ನಾವು ಮಾಡಿದ ಒಂದು ತಪ್ಪನ್ನೂ ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ನಮ್ಮೊಡನೆ ಹೊರಟವರು ನಮ್ಮ ಬಾಲ್ಯದ ಗೆಳೆಯರು. ಕುಂದಾಪುರದ ಸಮೀಪದ ಒಂದೇ ಊರಿನಲ್ಲಿ ಹುಟ್ಟಿ, ಒಂದೇ ಹಲಗೆಯ ಮೇಲೆ ಕುಳಿತು ಅಕ್ಷರ ಕಲಿತವರು ನಾವಿಬ್ಬರು. ಅವರು ಊರಿನ ಸಹಕಾರಿ ಸಂಘದಲ್ಲಿ ಲೆಕ್ಕ ಬರೆದು ನಿವೃತ್ತರಾದವರು, ಮಿತಭಾಷಿಗಳು. ಅವರ ತಂದೆಯವರು ಬಹುಕಾಲ ಮುಂಬಯಿಯ ಹೋಟೆಲೊಂದರಲ್ಲಿದ್ದರೆಂಬುದು ನಮಗೆ ತಿಳಿದಿತ್ತು. ನಮ್ಮ ಸೀಮೆಯಲ್ಲಿ ಮನೆಗೊಬ್ಬರಂತೆ ಹಾಗೆ ಹೋದವರೇ ಆದುದರಿಂದ ಅದರಲ್ಲಿ ವಿಶೇಷವೇನನ್ನೂ ನಾವು ಕಂಡಿರಲಿಲ್ಲ. ಎರಡು ವರ್ಷಕ್ಕೊಮ್ಮೆ ಆ ಮನೆಗೆ ಬರುತ್ತಿದ್ದ ಬಣ್ಣದ ಪೆನ್ಸಿಲುಗಳಲ್ಲಿ ನಮಗೂ ಪಾಲು ದೊರೆಯುತ್ತಿತ್ತು ಎಂಬುದಷ್ಟೇ ನಮ್ಮ ನೆನಪು.

1998ರಲ್ಲಿ ಕೊಂಕಣದ ರೈಲುದಾರಿಯು ಪೂರ್ಣವಾಗಿ ತೆರೆದಂದಿನಿಂದ ನಮ್ಮ ಕರಾವಳಿಯವರಿಗೆ ಮುಂಬಯಿಯು ಒಂದು ರಾತ್ರಿಯ ಪ್ರಯಾಣ. ನಾವು ಹೊರಡುವ ಮುನ್ನವೇ ಐದು ದಿನಗಳ ಕಾರ್ಯಕ್ರಮವನ್ನು ಕಾಗದದ ಮೇಲೆ ಬರೆದಿದ್ದೆವು. ಇಪ್ಪತ್ತೊಂದು ಸ್ಥಳಗಳು, ಪ್ರತಿಯೊಂದಕ್ಕೂ ಇಂತಿಷ್ಟು ಗಳಿಗೆ. ಅದನ್ನು ಕಂಡು ಮನೆಯವರು, "ಇದೇನು, ಪರೀಕ್ಷೆಯ ವೇಳಾಪಟ್ಟಿಯೇ?" ಎಂದು ನಕ್ಕರು. ಗೆಳೆಯರು ಅದನ್ನು ಓದಿ, ಮಡಿಸಿ, ಏನೂ ಹೇಳದೆ ನಮ್ಮ ಕೈಗೆ ಹಿಂದಿರುಗಿಸಿದರು.

ಮೊದಲನೆಯ ದಿನ ಕೋಟೆಯ ಭಾಗದಲ್ಲಿ ಒಂದು ಕೊಠಡಿಯನ್ನು ಹಿಡಿದು, ಸ್ನಾನ ಉಪಾಹಾರಗಳನ್ನು ತೀರಿಸಿ, ಹತ್ತಿರದಲ್ಲಿಯೇ ಇರುವ ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ಸಿಗೆ ಹೋದೆವು. ಅದು ರೈಲು ನಿಲ್ದಾಣವೋ ಅರಮನೆಯೋ ಎಂಬ ಭ್ರಾಂತಿ ಯಾರಿಗಾದರೂ ಬಾರದಿರದು. ಸ್ಟೀವನ್ಸ್ ಎಂಬ ಶಿಲ್ಪಿಯು 1878ರಲ್ಲಿ ಕೈಹಾಕಿದ ಈ ಕಟ್ಟಡವು ಮುಗಿಯಲು ಸುಮಾರು ಹತ್ತು ವರ್ಷಗಳು ಹಿಡಿದುವು. ನಡುವಿನ ಗುಮ್ಮಟ, ಕಲ್ಲಿನಲ್ಲಿ ಕೆತ್ತಿದ ಎಲೆ ಹೂಗಳು, ಮಳೆಯ ನೀರನ್ನುಗುಳಲು ಗೋಡೆಯಿಂದ ಬಾಯಿ ಚಾಚಿರುವ ವಿಚಿತ್ರ ಮೃಗಗಳು, ಇವುಗಳನ್ನು ನೋಡಲು ಒಂದು ದಿನವೂ ಸಾಲದು. ಇದೇ ಸ್ಥಳಕ್ಕೆ ಸೇರಿದ ಬೋರಿಬಂದರದಿಂದ 1853ರ ಏಪ್ರಿಲ್ 16ರಂದು ಠಾಣೆಗೆ, ಅಂದರೆ ಸುಮಾರು 34 ಕಿಲೋಮೀಟರು ದೂರಕ್ಕೆ, ನಮ್ಮ ದೇಶದ ಮೊದಲನೆಯ ಪ್ರಯಾಣಿಕರ ಗಾಡಿಯು ಹೊರಟಿತು. ಇದೆಲ್ಲವನ್ನೂ ನಾವು ಹಳೆಯ ಅಭ್ಯಾಸದಂತೆ ಗಟ್ಟಿಯಾಗಿ ವಿವರಿಸಿದೆವು. ಗೆಳೆಯರು ಮಾತ್ರ ಗುಮ್ಮಟವನ್ನು ನೋಡದೆ, ಗಾಡಿಗಳಿಂದಿಳಿದು ಹೊರಗೆ ಹರಿಯುತ್ತಿದ್ದ ಜನರನ್ನೇ ನೋಡುತ್ತಿದ್ದರು. "ಹದಿಮೂರು ವರ್ಷದ ಹುಡುಗನಿಗೆ ಇಲ್ಲಿಂದ ಹೊರಕ್ಕೆ ಬರುವ ದಾರಿ ಹೇಗೆ ತಿಳಿಯುತ್ತದೆ?" ಎಂದು ಒಮ್ಮೆ ಕೇಳಿದರು. ಯಾವ ಹುಡುಗನೆಂದು ನಾವು ವಿಚಾರಿಸಲಿಲ್ಲ.

ಎರಡನೆಯ ದಿನ ಗೇಟ್‌ವೇ ಆಫ್ ಇಂಡಿಯಾ. 1911ರಲ್ಲಿ ಐದನೆಯ ಜಾರ್ಜ್ ದೊರೆಯು ಈ ದಡದಲ್ಲಿ ಬಂದಿಳಿದ ನೆನಪಿಗಾಗಿ ಕಟ್ಟಿದ ಈ ಕಲ್ಲಿನ ಕಮಾನು 1924ರಲ್ಲಿ ಪೂರ್ಣವಾಯಿತು. ಅಲ್ಲಿಂದ ಇಪ್ಪತ್ತನಾಲ್ಕು ವರ್ಷ ಕಳೆಯುವಷ್ಟರಲ್ಲಿ, 1948ರ ಫೆಬ್ರುವರಿ 28ರಂದು, ಬ್ರಿಟಿಷರ ಕೊನೆಯ ಸೈನ್ಯವು ಇದೇ ಕಮಾನಿನ ಕೆಳಗೆ ನಡೆದು ಹಡಗನ್ನೇರಿತು. ದೊರೆಯ ಸ್ವಾಗತಕ್ಕೆಂದು ಕಟ್ಟಿದ ಬಾಗಿಲು ಬೀಳ್ಕೊಡುವ ಬಾಗಿಲಾಯಿತು! ಅಲ್ಲಿಂದ ದೋಣಿಯಲ್ಲಿ ಸುಮಾರು ಒಂದು ಗಂಟೆ ಪಯಣಿಸಿ ಎಲಿಫೆಂಟಾ ದ್ವೀಪವನ್ನು ಸೇರಿ, ಇಡೀ ಬೆಟ್ಟವನ್ನು ಕೊರೆದು ಮಾಡಿದ ಗುಹೆಯ ಕತ್ತಲೆಯಲ್ಲಿ ಇಪ್ಪತ್ತು ಅಡಿಯಷ್ಟು ಎತ್ತರದ ಮೂರು ಮುಖಗಳ ಸದಾಶಿವನನ್ನು ಕಂಡೆವು. ನಡುವಿನ ಮುಖದ ಶಾಂತಿಯನ್ನು ನೋಡಿದವರು ಮರೆಯುವಂತಿಲ್ಲ.

ಮರಳಿ ಗೇಟ್‌ವೇಗೆ ಬಂದಾಗ ಸಂಜೆಯಾಗಿತ್ತು. ಗೆಳೆಯರು ನೀರನ್ನೇ ನೋಡುತ್ತ, "ಇಲ್ಲಿ ಸೂರ್ಯ ಸಮುದ್ರದಲ್ಲಿ ಮುಳುಗುವುದಿಲ್ಲವಷ್ಟೆ?" ಎಂದರು. ಈ ದಡವು ಪೂರ್ವಕ್ಕೆ ಮುಖಮಾಡಿರುವ ಬಂದರೆಂದೂ, ಮುಂಬಯಿಯು ಮೊದಲು ಕೊಲಾಬಾ, ಪುಟ್ಟ ಕೊಲಾಬಾ, ಮುಂಬಯಿ, ಮಝಗಾಂವ್, ಪರೇಲ್, ವರಳಿ, ಮಾಹೀಮ್ ಎಂಬ ಏಳು ದ್ವೀಪಗಳಾಗಿದ್ದು, ನಡುವಿನ ನೀರನ್ನು ಮಣ್ಣು ಕಲ್ಲುಗಳಿಂದ ತುಂಬಿಸಿ ಒಂದು ಮಾಡಿದರೆಂದೂ, ಅಸ್ತಮಾನವನ್ನು ಕಾಣಬೇಕಾದರೆ ಪಶ್ಚಿಮದ ದಡಕ್ಕೆ ಹೋಗಬೇಕೆಂದೂ ನಾವು ಪಾಠ ಹೇಳಿದೆವು. "ಹಾಗಾದರೆ ಅಲ್ಲಿಗೆ ಹೋಗುವುದು ಯಾವಾಗ?" ಎಂದು ಕೇಳಿದರು. ನಮ್ಮ ಕಾಗದದಲ್ಲಿ ಮರೀನ್ ಡ್ರೈವಿಗೆ ಮೀಸಲಿಟ್ಟಿದ್ದುದು ಬೆಳಗಿನ ಅರ್ಧ ಗಂಟೆ. "ಸಮುದ್ರ ನಮ್ಮೂರಿನಲ್ಲಿಯೇ ಇದೆಯಲ್ಲ, ಮಾರಾಯ!" ಎಂದು ನಕ್ಕುಬಿಟ್ಟೆವು.

ಮೂರನೆಯ ದಿನ ನಡೆದುದೇ ನಾವು ಮೇಲೆ ಹೇಳಿದ ತಪ್ಪು. ಹತ್ತು ಗಂಟೆಗೆ ವಸ್ತುಸಂಗ್ರಹಾಲಯವನ್ನು ನೋಡುವುದೆಂದು ಕೋಟೆಯ ಗಲ್ಲಿಗಳ ಮೂಲಕ ನಡೆದು ಹೋಗುತ್ತಿದ್ದೆವು. ತಿರುಗಿ ನೋಡಿದರೆ ಗೆಳೆಯರು ಬೆನ್ನ ಹಿಂದೆ ಇಲ್ಲ. ಎರಡು ಬೀದಿಗಳಷ್ಟು ಹಿಂದಕ್ಕೆ ಬಂದು ಹುಡುಕಲಾಗಿ, ಕೈಫೋನುಗಳನ್ನು ಮಾರುವ ಒಂದು ಅಂಗಡಿಯ ಮುಂದೆ ಸುಮ್ಮನೆ ನಿಂತಿದ್ದರು. ಒಳಕ್ಕೆ ಹೋಗುವುದೂ ಇಲ್ಲ, ಅಲ್ಲಿಂದ ಕದಲುವುದೂ ಇಲ್ಲ. ಕರೆದರೆ, "ಇನ್ನು ಸ್ವಲ್ಪ ಹೊತ್ತು," ಎಂದರು. ಹೀಗೆ ಅರ್ಧ ಗಂಟೆ ಕಳೆಯಲು ನಮಗೆ ಸಿಟ್ಟು ಬಂದಿತು. "ಫೋನು ಬೇಕಿದ್ದರೆ ಕುಂದಾಪುರದಲ್ಲಿಯೇ ಸಿಗುತ್ತದೆ ಮಾರಾಯ, ಅದಕ್ಕೆ ಮುಂಬಯಿಗೆ ಬರಬೇಕಿತ್ತೇ? ನಿನ್ನನ್ನು ಕಟ್ಟಿಕೊಂಡು ಬಂದು ನಾವು ಕೆಟ್ಟೆವು!" ಎಂದು ಬೀದಿಯಲ್ಲಿಯೇ ಗದರಿಸಿದೆವು. ಅವರು ನಮ್ಮ ಮುಖವನ್ನೊಮ್ಮೆ ನೋಡಿ, ತಲೆ ತಗ್ಗಿಸಿಕೊಂಡು ನಡೆಯತೊಡಗಿದರು. ಅಂದು ರಾತ್ರಿ ನಾವಿಬ್ಬರೂ ಮಾತನಾಡದೆಯೇ ಮಲಗಿದೆವು. ಐವತ್ತು ವರ್ಷಗಳಲ್ಲಿ ಹಾಗಾದುದು ಅದೇ ಮೊದಲು.

ನಾಲ್ಕನೆಯ ದಿನ ಮಧ್ಯಾಹ್ನ ಚರ್ಚ್‌ಗೇಟಿನ ಬಳಿ ಡಬ್ಬಾವಾಲರನ್ನು ನೋಡಿದೆವು. ಸುಮಾರು 1890ರಿಂದ ನಡೆದುಬಂದಿರುವ ಈ ಕಸಬಿನವರು ಮನೆಮನೆಯ ಅಡುಗೆಯನ್ನು ಕಚೇರಿ ಕಚೇರಿಗೆ ಮುಟ್ಟಿಸಿ, ಬರಿದಾದ ಡಬ್ಬಿಯನ್ನು ಮರಳಿ ಮನೆಗೆ ಸೇರಿಸುವರು. ಮುಚ್ಚಳದ ಮೇಲೆ ಬಣ್ಣದಲ್ಲಿ ಬರೆದ ಗುರುತುಗಳೇ ಅವರಿಗೆ ವಿಳಾಸ. ಅದನ್ನು ಕಂಡು ಗೆಳೆಯರು ಅಂದಿನ ಮೊದಲನೆಯ ಮಾತನ್ನಾಡಿದರು: "ಊರಿಗೆಲ್ಲ ಬಡಿಸುವವನಿಗೆ ಯಾರ ಮನೆಯ ಡಬ್ಬಿ ಬರುತ್ತದೆ?" ನಮಗೆ ಉತ್ತರ ತೋಚಲಿಲ್ಲ.

ಸಂಜೆ ಮಾಟುಂಗಕ್ಕೆ ಹೋಗಿ ನಮ್ಮ ಕಡೆಯ ಊಟವನ್ನು ಮಾಡುವುದೆಂದು ಗೊತ್ತಾಗಿತ್ತು. ದಕ್ಷಿಣದವರು ನೆಲೆಸಿದ ಬಡಾವಣೆಯದು. 1926ರಲ್ಲಿ ಹುಟ್ಟಿದ ಮೈಸೂರು ಅಸೋಸಿಯೇಷನ್ ಇರುವುದೂ, 1942ರಲ್ಲಿ ರಾಮ ನಾಯಕರು ಉಡುಪಿ ಶ್ರೀಕೃಷ್ಣ ಬೋರ್ಡಿಂಗನ್ನು ತೆರೆದುದೂ ಅಲ್ಲಿಯೇ. ಆರು ಗಂಟೆಯ ನೂಕುನುಗ್ಗಲಿನಲ್ಲಿ ನಿಲ್ದಾಣವನ್ನು ಸೇರಿದೆವು. ಕಳ್ಳರ ಭಯದಿಂದ ಗೆಳೆಯರ ಕೈಫೋನನ್ನೂ ನಮ್ಮ ಚೀಲದಲ್ಲಿಯೇ ಇಟ್ಟುಕೊಂಡಿದ್ದೆವು. ಗಾಡಿಯೊಂದು ಬಂದು ನಿಂತೊಡನೆ ನಾವು ಆತುರದಿಂದ ನುಗ್ಗಿ ಹತ್ತಿದೆವು. ಗೆಳೆಯರು ಹಲಗೆಕಟ್ಟೆಯ ಮೇಲೆಯೇ ಉಳಿದರು. ಅಷ್ಟೇ ಅಲ್ಲ. ಅದು ಎಲ್ಲ ಕಡೆಯೂ ನಿಲ್ಲುವ ಗಾಡಿಯಲ್ಲ, ವೇಗದ ಗಾಡಿ. ದಾದರಿನಲ್ಲಿ ಇಳಿಯೋಣವೆಂದರೆ ಜನಸಂದಣಿಯಲ್ಲಿ ಬಾಗಿಲನ್ನು ಮುಟ್ಟಲಾಗಲಿಲ್ಲ. ಮಾಟುಂಗವು ಕಿಟಕಿಯ ಹೊರಗೆ ಮಿಂಚಿ ಮರೆಯಾಯಿತು. ಭೂಗೋಳದ ಮೇಷ್ಟರನ್ನು ಗಾಡಿಯು ಕುರ್ಲಾದಲ್ಲಿ ಇಳಿಸಿತು!

ಅಲ್ಲಿಂದ ಹಿಂದಿರುಗಿ ಮಾಟುಂಗವನ್ನು ಸೇರುವವರೆಗೆ ನಾವು ಪಟ್ಟ ಪಾಡು ಅಷ್ಟಿಷ್ಟಲ್ಲ. ಬೆಂಚೊಂದರ ಮೇಲೆ ಗೆಳೆಯರು ಕುಳಿತಿದ್ದುದನ್ನು ಕಂಡಾಗ ಜೀವ ಬಂದಿತು. ಅವರ ಪಕ್ಕದಲ್ಲಿ ಎಂಬತ್ತು ಮೀರಿದ ಒಬ್ಬ ವೃದ್ಧರು. ನಮ್ಮ ಗೆಳೆಯರ ಕನ್ನಡವನ್ನು ಕೇಳಿ, "ಊರು ಯಾವುದು?" ಎಂದು ಮಾತಿಗೆ ಹತ್ತಿದವರಂತೆ. ಬೈಂದೂರಿನ ಕಡೆಯವರು, 1953ರಲ್ಲಿ ಹನ್ನೊಂದು ವರ್ಷದ ಬಾಲಕರಾಗಿ ಬಂದು ಹೋಟೆಲಿನಲ್ಲಿ ಲೋಟ ತೊಳೆಯಲು ನಿಂತವರು. ನಾವು ಹೋದಾಗ ಅವರು ಹೇಳುತ್ತಿದ್ದರು:

"ಬೆಳಗಿನ ಜಾವ ನಾಲ್ಕಕ್ಕೆ ಏಳಬೇಕು. ಹಗಲೆಲ್ಲ ಲೋಟ ತಟ್ಟೆ. ಸಾಯಂಕಾಲ ಧಣಿಗಳು ಬಿಟ್ಟರೆ ಕನ್ನಡದ ರಾತ್ರಿಶಾಲೆ. ಅಲ್ಲಿ ಪುಸ್ತಕದ ಮೇಲೆಯೇ ನಿದ್ದೆ ಬರುತ್ತಿತ್ತು. ಮರಳಿ ಬಂದು, ಮೇಜು ಒರಸಿ, ಅದರ ಕೆಳಗೇ ಚಾಪೆ. ರಜೆ ಸಿಕ್ಕಿದ ದಿನ ಟ್ರಾಮಿನ ಕಾಸು ಉಳಿಸಿ ನಡೆದೇ ಚೌಪಾಟಿಗೆ ಹೋಗುತ್ತಿದ್ದೆವು. ಅಲ್ಲಿ ಕಾಸು ಕೊಡದೆ ಸಿಗುವುದು ಸಮುದ್ರ ಒಂದೇ. ಊರಿನದೂ ಅದೇ ಸಮುದ್ರವಲ್ಲವೇ? ಹೊತ್ತು ಮುಳುಗುವಾಗ ಊರಿನಲ್ಲಿ ಅಮ್ಮನೂ ಇದನ್ನೇ ನೋಡುತ್ತಿರಬಹುದು ಎಂದು ಹುಡುಗರೆಲ್ಲ ಸಾಲಾಗಿ ಕುಳಿತಿರುತ್ತಿದ್ದೆವು."

1964ರ ಮಾರ್ಚ್ 31ರಂದು ಮುಂಬಯಿಯ ಟ್ರಾಮುಗಳು ನಿಂತುವು. ಆ ಮುದುಕರ ನೆನಪಿನಲ್ಲಿ ಅವು ಇನ್ನೂ ಓಡುತ್ತಿದ್ದುವು.

ವೃದ್ಧರು ಎದ್ದುಹೋದ ಮೇಲೆ ಗೆಳೆಯರು ಅಂಗಿಯ ಒಳಜೇಬಿನಿಂದ ಹಳದಿಯಾದ ಒಂದು ಕಾಗದದ ಚೂರನ್ನು ತೆಗೆದರು. ಅವರ ತಾಯಿ ಪೆಟ್ಟಿಗೆಯಲ್ಲಿ ಕಾಪಾಡಿದ್ದ ಮನಿಆರ್ಡರಿನ ಕೂಪನ್ನು. ಕಳುಹಿಸಿದವರ ವಿಳಾಸ ಕೋಟೆಯ ಒಂದು ಹೋಟೆಲು. ಬರೆಯಲು ಬಿಟ್ಟಿದ್ದ ಕಿರಿದಾದ ಸ್ಥಳದಲ್ಲಿ ಎರಡೇ ವಾಕ್ಯ: 'ನಾನು ಕ್ಷೇಮ. ಮಗುವಿನ ಶಾಲೆ ಬಿಡಿಸಬೇಡ.' ಇಂತಹವು ನೂರಾರು ಇದ್ದುವಂತೆ. ಎಲ್ಲದರಲ್ಲಿಯೂ ಅದೇ ಎರಡು ವಾಕ್ಯ.

ನಿನ್ನೆ ಅವರು ನಿಂತಿದ್ದುದು ಆ ವಿಳಾಸದ ಮುಂದೆ.

ಅಂದು ಅವರು ಆಡಿದಷ್ಟು ಮಾತನ್ನು ನಾವು ಐವತ್ತು ವರ್ಷಗಳಲ್ಲಿ ಅವರಿಂದ ಕೇಳಿರಲಿಲ್ಲ. ತಂದೆಯವರು 1949ರಲ್ಲಿ, ಹದಿಮೂರನೆಯ ವಯಸ್ಸಿನಲ್ಲಿ, ಶಾಲೆ ಬಿಟ್ಟು ಹೊರಟವರು. ಮದುವೆಯ ತರುವಾಯವೂ ಎರಡು ವರ್ಷಕ್ಕೊಮ್ಮೆ ಹದಿನೈದು ದಿನಗಳ ಮಟ್ಟಿಗೆ ಊರಿಗೆ ಬರುತ್ತಿದ್ದರು. ಮಗನು ಅವರನ್ನು ಕಂಡರೆ ಅಮ್ಮನ ಸೆರಗಿನ ಹಿಂದೆ ಅಡಗುತ್ತಿದ್ದನು. ಬೆಳೆದಂತೆ ಆ ನಾಚಿಕೆಯು ಹೋಗಿ ಮುನಿಸು ಬಂದಿತು: ಎಲ್ಲರ ಅಪ್ಪಂದಿರೂ ಮನೆಯಲ್ಲಿರುವಾಗ ಇವರೊಬ್ಬರಿಗೆ ಪೇಟೆಯ ಸುಖ ಬೇಕಾಯಿತೇ ಎಂದು. "ಮುಂಬಯಿಯಲ್ಲಿ ಏನಿದೆ, ಅಪ್ಪಯ್ಯ?" ಎಂದು ಒಮ್ಮೆ ಕೇಳಿದಾಗ, "ಸಮುದ್ರ ಇದೆ, ಮಗ," ಎಂದಷ್ಟೇ ಹೇಳಿದರಂತೆ. ಸಮುದ್ರವು ಮನೆಯ ಹಿಂದೆಯೇ ಮೊರೆಯುತ್ತಿದ್ದ ಊರಿನಲ್ಲಿ ಅದು ಹಾರಿಕೆಯ ಉತ್ತರವಾಗಿ ತೋರಿತು. 1994ರಲ್ಲಿ ಅವರು ತೀರಿಕೊಂಡಾಗ ಮಗನಿಗೆ ಅಳು ಬರಲಿಲ್ಲ. ಆ ಸಂಗತಿಯು ಅಂದಿನಿಂದಲೂ ಮುಳ್ಳಿನಂತೆ ಒಳಗೆ ಉಳಿದಿತ್ತು.

ನಾವು ಏನು ಹೇಳಬಲ್ಲೆವು? ಆ ಪೆನ್ಸಿಲುಗಳ ಅರ್ಧ ಪಾಲನ್ನು ತಿಂದುಂಡವರಂತೆ ಬಳಸಿದ ನಾವು, ಅವು ಎಂತಹ ಬೆವರಿನಿಂದ ಬಂದುವೆಂದು ಒಂದು ದಿನವೂ ಕೇಳಿದವರಲ್ಲ. "ನಿನ್ನೆ ಗದರಿಸಿದುದು ತಪ್ಪಾಯಿತು," ಎಂದೆವು. "ನಾನು ಮೊದಲೇ ಹೇಳಬೇಕಿತ್ತು. ಹೇಳಲು ಬರಲಿಲ್ಲ, ಮಾರಾಯ," ಎಂದರು. ಬಾಳೆಯೆಲೆಯ ಮುಂದೆ ಒಬ್ಬರ ಪಕ್ಕದಲ್ಲಿ ಒಬ್ಬರು ಕುಳಿತು ಉಂಡೆವು. ಎಲೆ ತೆಗೆಯಲು ಬಂದ ಹುಡುಗನನ್ನು ಗೆಳೆಯರು ಊರು, ಮನೆ, ಓದು ಎಲ್ಲವನ್ನೂ ವಿಚಾರಿಸಿದರು.

ಐದನೆಯ ದಿನ ನಮ್ಮ ಕಾಗದವನ್ನು ಚೀಲದಿಂದ ತೆಗೆಯಲಿಲ್ಲ. ಇಳಿಹೊತ್ತಿಗೆ ಮರೀನ್ ಡ್ರೈವಿನ ದಂಡೆಯನ್ನು ಹಿಡಿದು, ಬಿಲ್ಲಿನಂತೆ ಬಾಗಿದ ಆ ದಾರಿಯಲ್ಲಿ ನಿಧಾನವಾಗಿ ನಡೆದು, ಚೌಪಾಟಿಯ ಮರಳನ್ನು ಸೇರಿದೆವು. ಮಕ್ಕಳು ಆಡುತ್ತಿದ್ದರು, ಭೇಲ್‌ಪುರಿ ಮಾರುವವರು ಕೂಗುತ್ತಿದ್ದರು. ಸೂರ್ಯನು ಕೆಂಪಾಗಿ ನೀರಿಗಿಳಿದನು, ನಮ್ಮೂರಿನಲ್ಲಿ ಇಳಿಯುವಂತೆಯೇ. ಗೆಳೆಯರು ಅಲೆಯ ಅಂಚಿನವರೆಗೆ ಹೋಗಿ, ಬಗ್ಗಿ, ನೀರನ್ನು ಮುಟ್ಟಿ ಬಹಳ ಹೊತ್ತು ಹಾಗೆಯೇ ಇದ್ದರು. ನಾವು ದೂರದಲ್ಲಿಯೇ ನಿಂತೆವು. ಅವರು ಮರಳಿ ಬಂದಾಗ ಮುಖವು ಒದ್ದೆಯಾಗಿತ್ತು. ಸಮುದ್ರದ ನೀರೂ ಉಪ್ಪು ಆದುದರಿಂದ ನಾವೇನನ್ನೂ ಕೇಳಲಿಲ್ಲ. "ಅಪ್ಪಯ್ಯ ಸರಿಯಾಗಿಯೇ ಹೇಳಿದ್ದರು," ಎಂದರು, ಅಷ್ಟೆ.

ಪ್ರವಾಸ ಹೊರಡುವ ಗೃಹಸ್ಥರಲ್ಲಿ ನಮ್ಮದೊಂದು ವಿಜ್ಞಾಪನೆ. ನೋಡತಕ್ಕ ಸ್ಥಳಗಳನ್ನು ಅವಶ್ಯವಾಗಿ ಬರೆದಿಡಿರಿ. ಆದರೆ ಬರೆಯುವ ಮುನ್ನ, ಜೊತೆಗೆ ಬರುವವರು ಏನನ್ನು ನೋಡಲು ಬರುತ್ತಿರುವರೆಂದು ಒಮ್ಮೆ ಕೇಳಿರಿ. ಒಂದು ದಿನವನ್ನಾದರೂ ಬರಿದಾಗಿ ಬಿಡಿರಿ. ನಿಮ್ಮ ಮನೆಯಿಂದಲೂ ದೂರದ ಪಟ್ಟಣಕ್ಕೆ ದುಡಿಯಲು ಹೋದವರಿದ್ದರೆ, ಅಲ್ಲಿ ಹೇಗಿದ್ದರೆಂದು ಅವರು ಬದುಕಿರುವಾಗಲೇ ವಿಚಾರಿಸಿರಿ.

ಇಪ್ಪತ್ತೊಂದು ಸ್ಥಳಗಳಲ್ಲಿ ನಾವು ನೋಡದೆ ಉಳಿದುವು ಒಂಬತ್ತು. ಅವುಗಳಿಗಾಗಿ ನಮಗೆ ಚಿಂತೆಯಿಲ್ಲ. ಮುಂದಿನ ಮಾಘದಲ್ಲಿ ಮತ್ತೊಮ್ಮೆ ಹೋಗುವುದೆಂದು ಗೆಳೆಯರೇ ಹೇಳಿರುವರು. ಈ ಸಲ ಕಾಗದವನ್ನು ಅವರೇ ಬರೆಯುವರಂತೆ.