ಒಂದು ತಟ್ಟೆಯ ಎರಡು ಮಗ್ಗುಲು

ಹಾಡಿನ ತಟ್ಟೆಗೆ ಎರಡು ಮಗ್ಗುಲುಗಳಿರುತ್ತಿದ್ದವು ಎಂಬುದು ಇಂದಿನ ಮಕ್ಕಳಿಗೆ ಬಿಡಿಸಿ ಹೇಳಬೇಕಾದ ಸಂಗತಿಯಾಗಿದೆ. ಮೊಬೈಲಿನಲ್ಲಿ ಕೇಳುವವರಿಗೆ ಹಾಡಿನ ಸಾಲಿಗೆ ಮೊದಲೂ ಇಲ್ಲ, ಕೊನೆಯೂ ಇಲ್ಲ. ಒಂದು ಮುಗಿಯುವಷ್ಟರಲ್ಲಿ ಮತ್ತೊಂದು ತಾನಾಗಿಯೇ ಬಂದು ನಿಲ್ಲುತ್ತದೆ. ಎಲ್.ಪಿ. ಎಂದು ಕರೆಯಲ್ಪಡುತ್ತಿದ್ದ ದೊಡ್ಡ ತಟ್ಟೆಯ ರೀತಿ ಬೇರೆಯಾಗಿತ್ತು. 1948ರಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂದ ಆ ತಟ್ಟೆ ನಿಮಿಷಕ್ಕೆ ಮೂವತ್ತಮೂರೂ ಮೂರನೆಯ ಒಂದು ಸುತ್ತು ತಿರುಗುತ್ತದೆ. ಮುಳ್ಳು ಹೊರ ಅಂಚಿನಿಂದ ಹೊರಟು, ಸುರುಳಿಗೆರೆಯನ್ನು ಹಿಡಿದು, ಇಪ್ಪತ್ತು ಇಪ್ಪತ್ತೈದು ನಿಮಿಷಗಳಲ್ಲಿ ನಡುವಿನ ಕಾಗದದ ಬಿಲ್ಲೆಯ ಬಳಿಗೆ ಬರುತ್ತದೆ. ಅಲ್ಲಿಗೆ ಹಾಡು ನಿಂತಿತು. ಮುಂದಿನದು ಬೇಕಾದರೆ ಕೇಳುವವನು ಎದ್ದು ಹೋಗಬೇಕು, ಮುಳ್ಳನ್ನು ಎತ್ತಬೇಕು, ತಟ್ಟೆಯನ್ನು ಮಗುಚಿ ಹಾಕಬೇಕು. ಕನ್ನಡದಲ್ಲಿ 1978ರಲ್ಲಿ ‘ನಿತ್ಯೋತ್ಸವ’ ಧ್ವನಿಸುರುಳಿ ಬಂದ ಮೇಲೆ ಮನೆಮನೆಗೂ ಕ್ಯಾಸೆಟ್ಟು ಹರಡಿತಷ್ಟೆ. ಅದರಲ್ಲಿಯೂ ಈ ‘ಎ’ ಮತ್ತು ‘ಬಿ’ ಎಂಬ ಎರಡು ಮಗ್ಗುಲುಗಳು ಉಳಿದುಕೊಂಡಿದ್ದವು. ಹಾಡಿನ ನಡುವೆ ಬರುವ ಆ ಮೌನಕ್ಕೆ ಒಂದು ಅರ್ಥವಿತ್ತು. ತಟ್ಟೆಯನ್ನು ಕಟ್ಟಿದವರೂ ಆ ಮೌನವನ್ನು ಲೆಕ್ಕಕ್ಕೆ ತೆಗೆದುಕೊಂಡೇ ಕಟ್ಟುತ್ತಿದ್ದರು.

ಈ ಮಾತಿಗೆ ಒಳ್ಳೆಯ ನಿದರ್ಶನ ಬೀಟಲ್ಸ್ ತಂಡದ ‘ಆ್ಯಬಿ ರೋಡ್’ ಎಂಬ ತಟ್ಟೆ. ಇದು ಬ್ರಿಟನ್ನಿನಲ್ಲಿ 1969ರ ಸೆಪ್ಟೆಂಬರ್ 26ರಂದು ಹೊರಬಂದಿತು. ಎರಡು ಮಗ್ಗುಲುಗಳನ್ನೂ ಸೇರಿಸಿದರೆ ಸುಮಾರು ನಲವತ್ತೇಳು ನಿಮಿಷಗಳ ಹಾಡು. ವಚನಗಳನ್ನು ಓದುವವರಿಗೆ, ಮಲ್ಲಿಕಾರ್ಜುನ ಮನ್ಸೂರರ ಕಂಠದಲ್ಲಿ ಅವನ್ನು ಕೇಳಿ ತಣಿದವರಿಗೆ, ಲಿವರ್‌ಪೂಲಿನ ನಾಲ್ವರು ತರುಣರ ಪಾಪ್ ಹಾಡುಗಳೇಕೆ ಎಂಬ ಪ್ರಶ್ನೆ ಸಹಜವಾದದ್ದು. ಆದರೆ ಬಿಡಿಬಿಡಿಯಾಗಿರುವವು ಕೂಡುವುದು ಹೇಗೆ ಎಂಬುದು ಎಲ್ಲ ಕಾಲದ, ಎಲ್ಲ ಸೀಮೆಯ ಪ್ರಶ್ನೆ. ಈ ತಟ್ಟೆಯ ಎರಡು ಮಗ್ಗುಲುಗಳು ಆ ಪ್ರಶ್ನೆಗೆ ಎರಡು ಬಗೆಯಲ್ಲಿ ಉತ್ತರ ಹೇಳುತ್ತವೆ.

ಮೊದಲು ಒಂದನೆಯ ಮಗ್ಗುಲನ್ನು ನೋಡೋಣ. ಇದರಲ್ಲಿರುವುದು ಆರು ಹಾಡುಗಳು. ಒಂದೊಂದೂ ತನ್ನಷ್ಟಕ್ಕೆ ತಾನು ಪೂರ್ಣ. ಒಂದಕ್ಕೂ ಇನ್ನೊಂದಕ್ಕೂ ಹೊಕ್ಕುಬಳಕೆಯಿಲ್ಲ. ಜಾನ್ ಲೆನನ್ ರಚಿಸಿದ ‘ಕಮ್ ಟುಗೆದರ್’ ಮೊದಲನೆಯದು. ಅದರ ಬೆನ್ನಿಗೆ ಜಾರ್ಜ್ ಹ್ಯಾರಿಸನ್ನನ ‘ಸಮ್‌ಥಿಂಗ್’. ಲೆನನ್ ಮತ್ತು ಪಾಲ್ ಮೆಕಾರ್ಟ್ನಿ ಎಂಬ ಇಬ್ಬರು ಹಿರಿಯರ ನೆರಳಿನಲ್ಲಿ ವರ್ಷಗಟ್ಟಲೆ ತನ್ನ ಸರದಿಗಾಗಿ ಕಾದವನು ಹ್ಯಾರಿಸನ್. ತಂಡದ ಕಿರುತಟ್ಟೆಯೊಂದರ ಮೊದಲ ಮಗ್ಗುಲಿಗೆ ಅವನ ಹಾಡು ಏರಿದ್ದು ಇದೇ ಮೊದಲು. ಮೆಕಾರ್ಟ್ನಿ ‘ಓ! ಡಾರ್ಲಿಂಗ್’ ಹಾಡಿಗೆ ಬೇಕಾದ ಒರಟು ದನಿಗಾಗಿ ಹಲವು ದಿನ ಬೆಳಗ್ಗೆ ಬೇಗನೆ ಬಂದು, ದಿನಕ್ಕೊಂದು ಸಲ ಹಾಡಿ ನೋಡಿದನೆಂದು ಪ್ರಸಿದ್ಧಿ. ಡ್ರಮ್ ಬಾರಿಸುವ ರಿಂಗೋ ಸ್ಟಾರ್‌ನದೂ ಒಂದು ಹಾಡಿದೆ: ‘ಆಕ್ಟೋಪಸ್ಸ್ ಗಾರ್ಡನ್’. 1968ರಲ್ಲಿ ತಂಡದೊಳಗಿನ ಕಿರಿಕಿರಿಗೆ ಬೇಸತ್ತು ಕೆಲವು ದಿನ ಬಿಟ್ಟುಹೋದಾಗ, ಸಾರ್ಡಿನಿಯದ ಕಡಲಿನಲ್ಲಿ ದೋಣಿಯವನೊಬ್ಬ ಅಷ್ಟಪಾದಿಯು ಕಲ್ಲುಗಳನ್ನು ಆಯ್ದು ತನ್ನ ಗೂಡಿನ ಮುಂದೆ ತೋಟ ಕಟ್ಟಿಕೊಳ್ಳುವ ಸಂಗತಿಯನ್ನು ಹೇಳಿದನಂತೆ. ಹಾಡು ಅಲ್ಲಿ ಮೊಳೆಯಿತು. ನಾಲ್ವರೂ ಹೀಗೆ ತಂತಮ್ಮ ಅಂಗಳದಲ್ಲಿ ನಿಂತು ಹಾಡುತ್ತಾರೆ.

ಈ ಮಗ್ಗುಲಿನ ಕೊನೆಯಲ್ಲಿರುವುದು ಲೆನನ್‌ನ ‘ಐ ವಾಂಟ್ ಯೂ’. ಏಳು ನಿಮಿಷಕ್ಕೂ ಮೀರಿದ ಈ ಹಾಡಿನಲ್ಲಿ ಮಾತುಗಳು ಕೆಲವೇ. ಒಂದೇ ಸ್ವರಗುಚ್ಛ ಮತ್ತೆ ಮತ್ತೆ ಸುತ್ತಿ ಬರುತ್ತದೆ. ಅದರ ಮೇಲೆ ಮೂಗ್ ಸಿಂಥೆಸೈಜರ್ ಎಂಬ ಯಂತ್ರದಿಂದ ಹೊರಟ ಬಿರುಗಾಳಿಯಂಥ ಸದ್ದು ಏರುತ್ತಾ ಹೋಗುತ್ತದೆ. ಕೇಳುವವನು ಇನ್ನು ತಾಳಲಾರೆ ಎನ್ನುವ ಹೊತ್ತಿಗೆ, ಯಾವ ಮುಕ್ತಾಯವೂ ಇಲ್ಲದೆ, ಕತ್ತಿಯಿಂದ ಕಡಿದಂತೆ ಹಾಡು ನಿಲ್ಲುತ್ತದೆ. ಟೇಪನ್ನು ಇಲ್ಲಿಯೇ ಕತ್ತರಿಸಿ ಎಂದು ಲೆನನ್ ಹೇಳಿದನಂತೆ. ತನ್ನ ಬಯಕೆಯನ್ನಷ್ಟೇ ಜಪಿಸುತ್ತ ಹೋದವನ ದಾರಿ ಹೀಗೆ ಕಡಿದುಹೋಗುವುದು ಎಷ್ಟು ಸಹಜ! ಮುಳ್ಳು ನಡುವಿಗೆ ಬಂದು ತಿರುಗುತ್ತಿದೆ, ಕೋಣೆಯಲ್ಲಿ ಮೌನ.

ಕೇಳುವವನು ಏಳುತ್ತಾನೆ, ತಟ್ಟೆಯನ್ನು ಮಗುಚುತ್ತಾನೆ. ಎರಡನೆಯ ಮಗ್ಗುಲು ಹ್ಯಾರಿಸನ್ನನ ‘ಹಿಯರ್ ಕಮ್ಸ್ ದ ಸನ್’ ಎಂಬ ಹಾಡಿನಿಂದ ತೊಡಗುತ್ತದೆ. ಅದೊಂದು ಸೂರ್ಯೋದಯದ ಹಾಡು. ತಂಡದ ವ್ಯಾಪಾರ ವ್ಯವಹಾರದ ಸಭೆಗಳಿಂದ ಬೇಸತ್ತ ಹ್ಯಾರಿಸನ್ 1969ರ ವಸಂತದಲ್ಲಿ ಒಂದು ದಿನ ಸಭೆಗೆ ಹೋಗದೆ ಗೆಳೆಯ ಎರಿಕ್ ಕ್ಲ್ಯಾಪ್ಟನ್ನನ ತೋಟಕ್ಕೆ ಹೋದನು. ಅಲ್ಲಿ ಗಿಟಾರ್ ಹಿಡಿದು ಅಡ್ಡಾಡುತ್ತಿದ್ದಾಗ ಇದು ಹುಟ್ಟಿತು. ಸಿ.ಡಿ.ಯಲ್ಲಾಗಲಿ ಮೊಬೈಲಿನಲ್ಲಾಗಲಿ ಕೇಳಿದರೆ ಆ ಕಡಿತಕ್ಕೂ ಈ ಬೆಳಗಿಗೂ ನಡುವೆ ಕ್ಷಣವೊಂದೇ ಇರುತ್ತದೆ. ತಟ್ಟೆಯಲ್ಲಾದರೋ ಅವೆರಡರ ನಡುವೆ ಕೇಳುವವನ ಕೈ ಇದೆ. ಕತ್ತಲೆಯಿಂದ ಬೆಳಗಿನ ಕಡೆಗೆ ಹೊರಳಿಸುವ ಕೆಲಸವನ್ನು ಅವನೇ ಮಾಡಬೇಕಾಗಿತ್ತು.

ಎರಡನೆಯ ಮಗ್ಗುಲಿನ ನಿಜವಾದ ವಿಶೇಷ ಅಲ್ಲಿಂದ ಮುಂದಿದೆ. ‘ಬಿಕಾಸ್’ ಎಂಬ ಹಾಡಿನಲ್ಲಿ ಮೂವರು ಒಟ್ಟಿಗೆ ಹಾಡುತ್ತಾರೆ. ಅದನ್ನೇ ಮೂರು ಸಲ ಮುದ್ರಿಸಿ ಒಂದರ ಮೇಲೊಂದು ಇರಿಸಿದ್ದರಿಂದ ಒಂಬತ್ತು ಕಂಠಗಳು ಕೇಳಿಸುತ್ತವೆ. ಆನಂತರ ಬರುವುದು ಸುಮಾರು ಹದಿನಾರು ನಿಮಿಷಗಳ ಒಂದು ಮಾಲೆ. ಎಂಟು ಹಾಡುಗಳನ್ನು ಒಂದಕ್ಕೊಂದು ಹೆಣೆದು ಕಟ್ಟಿದ್ದು. ಇವುಗಳಲ್ಲಿ ಹೆಚ್ಚಿನವು ಪೂರ್ತಿಯಾಗದೆ ಉಳಿದಿದ್ದ ತುಣುಕುಗಳು. ‘ಮೀನ್ ಮಿಸ್ಟರ್ ಮಸ್ಟರ್ಡ್’ ಮತ್ತು ‘ಪಾಲಿಥೀನ್ ಪ್ಯಾಮ್’ ಎಂಬ ಎರಡನ್ನು ಲೆನನ್ ಬರೆದದ್ದು 1968ರಲ್ಲಿ, ತಂಡದವರು ನಮ್ಮ ಹೃಷಿಕೇಶದಲ್ಲಿ ಧ್ಯಾನ ಕಲಿಯಲೆಂದು ತಂಗಿದ್ದಾಗ. ಬಿಡಿಯಾಗಿ ಇಟ್ಟರೆ ನಿಲ್ಲಲಾರದ ಈ ತುಣುಕುಗಳು ಪಕ್ಕಪಕ್ಕದಲ್ಲಿ ಕುಳಿತಾಗ ಒಂದರ ಕೊರತೆಯನ್ನು ಇನ್ನೊಂದು ತುಂಬಿಕೊಡುತ್ತದೆ. ಮಾಲೆಯ ಮೊದಲಲ್ಲಿರುವ ‘ಯೂ ನೆವರ್ ಗಿವ್ ಮಿ ಯುವರ್ ಮನಿ’ ತಂಡದೊಳಗಿನ ಹಣಕಾಸಿನ ಜಗಳದಿಂದ ಹುಟ್ಟಿದ್ದು. ಅದರ ಧಾಟಿ ಕೊನೆಯ ಹೊತ್ತಿಗೆ ‘ಕ್ಯಾರಿ ದಟ್ ವೇಟ್’ ಎಂಬ ಹಾಡಿನ ನಡುವೆ ಮತ್ತೆ ತಲೆಯೆತ್ತುತ್ತದೆ. ಜಗಳ ಮುಗಿದಿಲ್ಲ, ಆದರೆ ಈಗ ಅದು ಹಲವು ಕಂಠಗಳು ಸೇರಿ ಹೊರುವ ಹೊರೆಯ ನಡುವಿನ ಒಂದು ಸ್ವರವಾಗಿದೆ.

ಕನ್ನಡದ ವಿದ್ಯಾರ್ಥಿಗೆ ಇಲ್ಲಿ ಶೂನ್ಯಸಂಪಾದನೆಯ ನೆನಪು ಬಾರದಿರದು. ಹನ್ನೆರಡನೆಯ ಶತಮಾನದ ಶರಣರ ವಚನಗಳು ಒಂದೊಂದೂ ಮುಕ್ತಕ. ಒಂದೊಂದಕ್ಕೂ ತನ್ನದೇ ಅಂಕಿತವುಂಟು. ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನವರು ಆ ಬಿಡಿ ವಚನಗಳನ್ನು ಅಲ್ಲಮಪ್ರಭುವನ್ನು ನಡುವಿಟ್ಟುಕೊಂಡು ಸಂವಾದವಾಗಿ ಜೋಡಿಸಿದರು. ಒಬ್ಬರ ಮಾತು ಇನ್ನೊಬ್ಬರ ಮಾತಿಗೆ ಉತ್ತರವಾಯಿತು. ಓದುವವರ ಕಣ್ಣಮುಂದೆ ಅನುಭವಮಂಟಪವೇ ನಿಂತಿತು. ಹೋಲಿಕೆಯನ್ನು ಅತಿಯಾಗಿ ಎಳೆಯಬಾರದು. ವಚನಗಳು ಪೂರ್ಣವಾದ ಅನುಭಾವದ ನುಡಿಗಳು. ಲಂಡನ್ನಿನ ಆ ತುಣುಕುಗಳು ಅರ್ಧಕ್ಕೆ ನಿಂತ ಲೌಕಿಕ ಹಾಡುಗಳು. ಆದರೂ ಜೋಡಣೆಯೆಂಬುದೇ ಒಂದು ಸೃಷ್ಟಿ ಎಂಬ ಮಾತು ಎರಡೂ ಕಡೆ ನಿಜ.

ಈ ಎರಡು ಮಗ್ಗುಲುಗಳಲ್ಲಿ ಯಾವುದು ಹೆಚ್ಚು? ಮಂಗಳೂರಿನ ಪಡೀಲಿನಲ್ಲಿ ನೆಲೆಸಿರುವ ಇಬ್ಬರು ಸಹೋದರರ ನಡುವೆ ಈ ವಾದ ನಾಲ್ಕು ದಶಕಗಳಿಂದ ನಡೆದಿದೆ. ತಂದೆ ಹುಬ್ಬಳ್ಳಿಯ ಕಡೆಯವರು, ರೈಲ್ವೆಯ ನೌಕರರು. 1979ರಲ್ಲಿ ಹಾಸನ–ಮಂಗಳೂರು ಮೀಟರ್ ಗೇಜ್ ಹಳಿ ತೆರೆದ ಮೇಲೆ ವರ್ಗವಾಗಿ ಬಂದವರು, ಈ ಊರಿನಲ್ಲಿಯೇ ನಿಂತರು. ಬೆಂಗಳೂರಿನಲ್ಲಿ ಓದುತ್ತಿದ್ದ ಹಿರಿಯ ಮಗ ಹಳೆಯ ಸಾಮಾನಿನ ಅಂಗಡಿಯೊಂದರಿಂದ ‘ಆ್ಯಬಿ ರೋಡ್’ ತಟ್ಟೆಯನ್ನು ಕೊಂಡು ತಂದನು. ಕೋಲ್ಕತ್ತದ ಡಂಡಂ ಕಾರ್ಖಾನೆಯಲ್ಲಿ ಅಚ್ಚಾದ ಪ್ರತಿ ಅದು. ತಂದೆ ತೀರಿಕೊಂಡ ಮೇಲೆ ಮನೆ ಪಾಲಾಯಿತು. ಗೋಡೆ ಎದ್ದಿತು, ಬಾಗಿಲು ಎರಡಾಯಿತು. ಪಾತ್ರೆ ಪಡಗಗಳ ಲೆಕ್ಕದಲ್ಲಿ ಹಾಡು ನುಡಿಸುವ ಯಂತ್ರ ಅಣ್ಣನ ಕಡೆಗೂ ತಟ್ಟೆಗಳ ಪೆಟ್ಟಿಗೆ ತಮ್ಮನ ಕಡೆಗೂ ಹೋದವು. ಹಾಗೆ ಹಂಚಿದವರು ಬೇಕೆಂದೇ ಹಂಚಿದರೋ ಲಕ್ಷ್ಯವಿಲ್ಲದೆ ಹಂಚಿದರೋ ಯಾರೂ ಕೇಳಲಿಲ್ಲ. ಎರಡು ವರ್ಷ ಆ ಮನೆಗಳಲ್ಲಿ ತಟ್ಟೆ ತಿರುಗಲಿಲ್ಲ. ಮೂರನೆಯ ವರ್ಷ ಒಂದು ಭಾನುವಾರ ತಮ್ಮನು ತಟ್ಟೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಅಣ್ಣನ ಬಾಗಿಲಿಗೆ ಹೋದನು. ಪಾಲಿನ ಮಾತು ಅಂದೂ ಬರಲಿಲ್ಲ, ಇಂದಿಗೂ ಬಂದಿಲ್ಲ.

“ಒಬ್ಬೊಬ್ಬನ ಕಸುವು ಏನೈತಿ ಅಂತ ಗೊತ್ತಾಗಬೇಕಂದ್ರ ಮೊದಲನೇ ಮಗ್ಗಲಾನ ಕೇಳಬೇಕು ತಮ್ಮಾ,” ಎಂಬುದು ಅಣ್ಣನ ವಾದ. “ಎರಡನೇದು ಬರೇ ತ್ಯಾಪಿ ಹಚ್ಚಿದ ಕೌದಿ.” ತಮ್ಮನ ಉತ್ತರವೂ ಸಿದ್ಧವಾಗಿಯೇ ಇರುತ್ತದೆ: “ಚಳಿಗೆ ಹೊದ್ದಕೊಳ್ಳಾಕ ಕೌದೀನ ಬೇಕಲ್ಲಣ್ಣಾ.”

ಅಣ್ಣನ ಪಕ್ಷವನ್ನು ಹಗುರಾಗಿ ತಳ್ಳಿಹಾಕುವಂತಿಲ್ಲ. ಆ ಪಕ್ಷದಲ್ಲಿ ಲೆನನ್‌ನೇ ಇದ್ದನು. ಹಾಡುಗಳು ಬಿಡಿಯಾಗಿಯೇ ಇರಬೇಕೆಂಬುದು ಅವನ ಮತ. ಮಾಲೆ ಕಟ್ಟುವುದು ಮೆಕಾರ್ಟ್ನಿಯ ಮತ್ತು ನಿರ್ಮಾಪಕ ಜಾರ್ಜ್ ಮಾರ್ಟಿನ್ನರ ಬಯಕೆ. ಮಾರ್ಟಿನ್ನರು ಮುಂದೆ ನೆನೆದುಕೊಂಡಂತೆ ಎರಡು ಮಗ್ಗುಲುಗಳ ಈ ಹಂಚಿಕೆಯೇ ಒಂದು ರಾಜಿ. ಜೊತೆಗೆ, ಮಾಲೆಯ ಮಗ್ಗುಲಿನಲ್ಲಿಯೂ ನಾಲ್ವರೂ ಯಾವಾಗಲೂ ಇರಲಿಲ್ಲ. 1969ರ ಜುಲೈ ಮೊದಲಲ್ಲಿ ಸ್ಕಾಟ್ಲೆಂಡಿನಲ್ಲಿ ಕಾರು ಅಪಘಾತವಾಗಿ ಲೆನನ್ ಆಸ್ಪತ್ರೆಯಲ್ಲಿದ್ದಾಗಲೇ ‘ಗೋಲ್ಡನ್ ಸ್ಲಂಬರ್ಸ್’ ಮತ್ತು ‘ಕ್ಯಾರಿ ದಟ್ ವೇಟ್’ ಹಾಡುಗಳ ಬುನಾದಿಯನ್ನು ಉಳಿದ ಮೂವರು ನುಡಿಸಿದರು. ಸೂರ್ಯೋದಯದ ಹಾಡಿನಲ್ಲಿಯೂ ಅವನಿಲ್ಲ. ಕೂಡಿದಂತೆ ಕೇಳಿಸುವ ಮಗ್ಗುಲಿನೊಳಗೆ ಎಷ್ಟೋ ಗೈರುಹಾಜರಿಗಳು ಅಡಗಿವೆ.

ಆದರೆ ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಈ ಮಗ್ಗುಲುಗಳ ಕ್ರಮ ಮೊದಲು ಹಿಂದುಮುಂದಾಗಿತ್ತು. ಮಾಲೆಯ ಮಗ್ಗುಲು ಮೊದಲು, ಬಿಡಿಹಾಡುಗಳ ಮಗ್ಗುಲು ಆಮೇಲೆ ಎಂಬ ಆಲೋಚನೆಯಿತ್ತು. ಹಾಗಾಗಿದ್ದರೆ ಇಡೀ ತಟ್ಟೆ ಆ ಕತ್ತಿಯ ಕಡಿತದಲ್ಲಿ ಮುಗಿಯುತ್ತಿತ್ತು. 1969ರ ಆಗಸ್ಟ್ 20ರಂದು ನಾಲ್ವರೂ ಸೇರಿ ಕುಳಿತು ಕ್ರಮವನ್ನು ನಿರ್ಣಯಿಸಿದರು. ಮುದ್ರಣಾಲಯದಲ್ಲಿ ನಾಲ್ವರೂ ಒಟ್ಟಿಗೆ ಇದ್ದ ಕೊನೆಯ ದಿನ ಅದೇ. ಒಂದು ತಿಂಗಳು ಕಳೆಯುವಷ್ಟರಲ್ಲಿ, ತಟ್ಟೆ ಇನ್ನೂ ಅಂಗಡಿಗೆ ಬರುವ ಮೊದಲೇ, ತಾನು ತಂಡವನ್ನು ಬಿಡುವುದಾಗಿ ಲೆನನ್ ಉಳಿದವರಿಗೆ ತಿಳಿಸಿಬಿಟ್ಟನು. ಅಗಲುವುದು ಬಹುಮಟ್ಟಿಗೆ ಗೊತ್ತಿದ್ದವರು ಅಗಲಿಕೆಯ ಮಗ್ಗುಲನ್ನು ಮೊದಲಿಟ್ಟು ಕೂಡಿಕೆಯ ಮಗ್ಗುಲನ್ನು ಕೊನೆಗಿಟ್ಟರು.

ಆ ಮಾಲೆಯ ಕೊನೆಯ ಹಾಡಿನ ಹೆಸರು ‘ದಿ ಎಂಡ್’. ಅದರಲ್ಲಿ ಮೊದಲು ರಿಂಗೋ ಒಬ್ಬನೇ ಡ್ರಮ್ ಬಾರಿಸುತ್ತಾನೆ. ತನಿ ನುಡಿಸಲು ಸದಾ ಹಿಂಜರಿಯುತ್ತಿದ್ದವನು ತಂಡದ ತಟ್ಟೆಗಳಲ್ಲಿ ತನಿ ನುಡಿಸಿದ್ದು ಇದೊಂದೇ ಸಲ. ಆಮೇಲೆ ಮೆಕಾರ್ಟ್ನಿ, ಹ್ಯಾರಿಸನ್, ಲೆನನ್ ಈ ಕ್ರಮದಲ್ಲಿ ಮೂವರೂ ಗಿಟಾರ್ ನುಡಿಸುತ್ತಾರೆ. ಒಬ್ಬೊಬ್ಬರಿಗೆ ಎರಡೆರಡೇ ಆವರ್ತ, ಮೂರು ಸುತ್ತು. ಮೂವರ ಬಾನಿಯೂ ಬೇರೆಬೇರೆ. ಯಾರೂ ತಮ್ಮತನವನ್ನು ಬಿಟ್ಟುಕೊಟ್ಟಿಲ್ಲ. ಬಿಟ್ಟುಕೊಟ್ಟಿರುವುದು ಸರದಿಯನ್ನು ಮಾತ್ರ. ತನ್ನ ಎರಡು ಆವರ್ತ ಮುಗಿದೊಡನೆ ಒಬ್ಬನು ಸುಮ್ಮನಾಗುತ್ತಾನೆ, ಪಕ್ಕದವನು ಎತ್ತಿಕೊಳ್ಳುತ್ತಾನೆ. ಒಂದನೆಯ ಮಗ್ಗುಲಿನಲ್ಲಿ ಕಂಡ ಕಸುವೆಲ್ಲ ಇಲ್ಲಿ ಸರದಿಯ ಶಿಸ್ತಿಗೆ ಒಳಪಟ್ಟಿದೆ. ಹೀಗೆ ನೋಡಿದರೆ ಅಣ್ಣನ ಮಗ್ಗುಲಿಲ್ಲದೆ ತಮ್ಮನ ಮಗ್ಗುಲಿಲ್ಲ. ತನ್ನದೆಂಬ ದನಿಯೇ ಇಲ್ಲದವನು ಸರದಿ ಬಿಟ್ಟುಕೊಡುವುದಾದರೂ ಏನನ್ನು? ಮನಸ್ಸುಗಳು ಒಂದಾಗಿದ್ದಾಗ ಕೂಡಿ ದುಡಿಯುವುದು ಸುಲಭ. ಮನಸ್ಸುಗಳು ಹರಿದಿದ್ದಾಗಲೂ ಹಿಡಿದ ಕಾಯಕವನ್ನು ಕೂಡಿ ಮುಗಿಸುವುದು ಕಷ್ಟದ ಸಾಧನೆ. ಅದನ್ನು ಈ ನಾಲ್ವರು ಸಾಧಿಸಿ ಬೇರೆಯಾದರು.

‘ದಿ ಎಂಡ್’ ಮುಗಿದ ಮೇಲೂ ಮುಳ್ಳನ್ನು ಎತ್ತಲು ಅವಸರಪಡಬಾರದು. ಸ್ವಲ್ಪ ಹೊತ್ತು ಮೌನ; ಆಮೇಲೆ ಇಪ್ಪತ್ತಮೂರು ಸೆಕೆಂಡುಗಳ ಒಂದು ಪುಟ್ಟ ಹಾಡು ಬರುತ್ತದೆ, ‘ಹರ್ ಮೆಜೆಸ್ಟಿ’. ಇದು ಮೊದಲು ಮಾಲೆಯ ನಡುವೆ ಇತ್ತು. ಸರಿಹೊಂದಲಿಲ್ಲವೆಂದು ಮೆಕಾರ್ಟ್ನಿಯೇ ತೆಗೆಸಿಹಾಕಿದನು. ಬೀಟಲ್ಸ್ ಮುದ್ರಿಸಿದ ಯಾವುದನ್ನೂ ಬಿಸಾಡಬಾರದೆಂದು ಅಪ್ಪಣೆಯಿದ್ದುದರಿಂದ ಟೇಪ್ ನೋಡಿಕೊಳ್ಳುತ್ತಿದ್ದ ತರುಣನೊಬ್ಬನು ಕತ್ತರಿಸಿದ ಆ ತುಂಡನ್ನು ಸುರುಳಿಯ ಕೊನೆಗೆ ಅಂಟಿಸಿಟ್ಟನು. ಕೇಳಿದವರಿಗೆ ಅದು ಹಿಡಿಸಿತು, ಅಲ್ಲಿಯೇ ಉಳಿಯಿತು. ಮೊದಲ ಅಚ್ಚಿನ ಹೊದಿಕೆಯ ಮೇಲೆ ಅದರ ಹೆಸರೇ ಇರಲಿಲ್ಲ. ಹಿಂದಿನ ಹಾಡಿನ ಕೊನೆಯ ಸ್ವರವನ್ನು ತಲೆಯ ಮೇಲೆ ಹೊತ್ತು, ತನ್ನದೇ ಕೊನೆಯ ಸ್ವರವನ್ನು ಎಲ್ಲೋ ಬಿಟ್ಟು ಬಂದಿರುವ ಆ ತುಣುಕು, ಯಾರೋ ಒಬ್ಬರು ಬಿಸಾಡದೆ ಎತ್ತಿಟ್ಟ ಕಾರಣಕ್ಕೆ ಇಂದಿಗೂ ಕೇಳುತ್ತಿದೆ.