ಮಸಿಯ ಕಲೆಯಿಲ್ಲದ ಗೋಡೆ

ಜರ್ಮನಿಯ ತುರಿಂಗಿಯ ಪ್ರಾಂತದ ಐಸೆನಾಖ್ ಸಂಗೀತಗಾರ ಬಾಖ್ ಹುಟ್ಟಿದ ಊರು. ಅದರ ನೆತ್ತಿಯ ಮೇಲೆ, ಕಾಡಿನ ನಡುವೆ ತಲೆಯೆತ್ತಿ ನಿಂತಿದೆ ವಾರ್ಟ್‌ಬರ್ಗ್ ಕೋಟೆ. ಏರುದಾರಿಯನ್ನು ಹತ್ತಿ ಬಂದ ಪ್ರವಾಸಿಗನು ಚಿತ್ರಾಲಂಕೃತವಾದ ಸಭಾಂಗಣಗಳನ್ನು ಕಂಡು ಬೆರಗಾಗುತ್ತಾನೆ. ಆದರೆ ಅವನ ಕಾಲು ಹೆಚ್ಚು ಹೊತ್ತು ನಿಲ್ಲುವುದು ಒಂದು ಚಿಕ್ಕ ಕೋಣೆಯ ಬಾಗಿಲಲ್ಲಿ. ಹಲಗೆ ಹೊದಿಸಿದ ಗೋಡೆ, ಒಂದು ಮೇಜು, ಒಂದು ಒಲೆ, ಕಾಲಿಡಲು ತಿಮಿಂಗಿಲದ ಬೆನ್ನೆಲುಬಿನ ತುಂಡು: ಇಷ್ಟೇ ಅಲ್ಲಿಯ ವೈಭವ.

1521ರ ಏಪ್ರಿಲ್‌ನಲ್ಲಿ ವರ್ಮ್ಸ್ ನಗರದ ಮಹಾಸಭೆಯಲ್ಲಿ ಚಕ್ರವರ್ತಿ ಐದನೆಯ ಚಾರ್ಲ್ಸನ ಎದುರು ನಿಂತು, ತನ್ನ ಬರಹಗಳನ್ನು ಹಿಂದೆಗೆದುಕೊಳ್ಳಲಾರೆನೆಂದ ಸಂನ್ಯಾಸಿ ಮಾರ್ಟಿನ್ ಲೂಥರ್. ಮರಳುವಾಗ, ಮೇ 4ರಂದು, ಕಾಡುದಾರಿಯಲ್ಲಿ ರಾವುತರು ಅವನನ್ನು ಹಿಡಿದೊಯ್ದರು. ಅವನ ಪ್ರಾಣವನ್ನುಳಿಸಲು ಸ್ಯಾಕ್ಸನಿಯ ಅರಸ ಫ್ರೆಡರಿಕ್ ಹೂಡಿದ ನಾಟಕವದು. ಸಂನ್ಯಾಸಿ ಗಡ್ಡ ಬೆಳೆಸಿದನು, ಸೊಂಟಕ್ಕೆ ಕತ್ತಿ ಕಟ್ಟಿದನು, ಯುಂಕರ್ ಯೋರ್ಗ್ ಎಂಬ ಹೆಸರಿನಲ್ಲಿ ಈ ಕೋಣೆಯನ್ನು ಸೇರಿದನು.

ಹೊರಗಿನ ಶತ್ರುವಿಗೆ ಕೋಟೆ ಅಭೇದ್ಯವಾಗಿತ್ತು. ಒಳಗಿನ ಶತ್ರುವಿಗೆ ಅದರ ಬಾಗಿಲು ತೆರೆದೇ ಇತ್ತು. ಒಂಟಿತನ, ದೇಹದ ಬೇನೆ, ಇರುಳಿನ ಸದ್ದುಗಳು. ಇವೆಲ್ಲಕ್ಕಿಂತ ಕ್ರೂರವಾದ ಒಂದು ಶಂಕೆ: ಇಷ್ಟು ಶತಮಾನಗಳ ಹಿರಿಯರೆಲ್ಲ ತಪ್ಪಿ, ತಾನೊಬ್ಬನೇ ತಿಳಿದವನೇ? ಇದನ್ನು ಲೂಥರನು ಸೈತಾನನ ದಾಳಿಯೆಂದೇ ಭಾವಿಸಿದನು. ಎಫೆಸದವರಿಗೆ ಬರೆದ ಪತ್ರದಲ್ಲಿ ನಂಬಿಕೆಯನ್ನು ಗುರಾಣಿಯೆಂದೂ ದೇವರ ವಾಕ್ಯವನ್ನು ಕತ್ತಿಯೆಂದೂ ಹೇಳಿದೆ. ಸೊಂಟದ ಕತ್ತಿ ವೇಷಕ್ಕಾಯಿತು. ಅವನು ಹೋರಾಟಕ್ಕೆ ಹಿಡಿದದ್ದು ಆ ಇನ್ನೊಂದು ಕತ್ತಿಯನ್ನು. ಚಳಿಗಾಲದಲ್ಲಿ ಹೊಸ ಒಡಂಬಡಿಕೆಯನ್ನು ಗ್ರೀಕಿನಿಂದ ಜನರಾಡುವ ಜರ್ಮನ್ನಿಗೆ ತರಲು ಕುಳಿತನು. ಸುಮಾರು 11 ವಾರಗಳಲ್ಲಿ ಕರಡು ಮುಗಿಯಿತು. ಅಲೆಯುವ ಮನಸ್ಸಿಗೆ ಪ್ರತಿದಿನವೂ ಒಂದು ವಾಕ್ಯ, ಅದಕ್ಕೆ ತಕ್ಕ ಒಂದು ಮಾತು: ಏಕಾಗ್ರತೆಯೇ ಧೈರ್ಯವಾಗಿ ಬೆಳೆಯಿತು.

ಅವನು ಸೈತಾನನ ಮೇಲೆ ಮಸಿಕುಡಿಕೆಯನ್ನೆಸೆದನೆಂಬ ಕಥೆ ಆಮೇಲೆ ಹುಟ್ಟಿಕೊಂಡಿತು. ಗೋಡೆಯ ಮೇಲೆ ಕಲೆಯನ್ನೂ ತೋರಿಸುತ್ತಿದ್ದರು. ಭಕ್ತರು ಅದನ್ನು ಕೆರೆದು ಕೆರೆದು ಒಯ್ಯುತ್ತಿದ್ದರು. ಮತ್ತೆ ಮತ್ತೆ ಬಣ್ಣ ಹಚ್ಚಬೇಕಾಗುತ್ತಿತ್ತು. ಇಂದು ಅಲ್ಲಿ ಕಲೆಯಿಲ್ಲ.

1522ರ ಮಾರ್ಚ್ 1ರಂದು, ವಿಟೆನ್‌ಬರ್ಗಿನಲ್ಲಿ ಗಲಭೆಯೆದ್ದಿತೆಂದು ಕೇಳಿ, ಅರಸನ ಇಷ್ಟಕ್ಕೆ ವಿರುದ್ಧವಾಗಿಯೇ ಲೂಥರನು ಕೋಟೆಯಿಂದಿಳಿದನು. ಅವನನ್ನು ಕಾನೂನಿನ ರಕ್ಷಣೆಯಿಂದ ಹೊರಗಿಟ್ಟಿದ್ದ ಚಕ್ರವರ್ತಿಯ ಶಾಸನ ಆಗಲೂ ಜಾರಿಯಲ್ಲಿತ್ತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಆ ಅನುವಾದ ಅಚ್ಚಾಯಿತು. ಗೋಡೆಯ ಮೇಲೆ ಮಸಿಯನ್ನು ಹುಡುಕುವ ಕಣ್ಣು ನಿರಾಶೆಗೊಳ್ಳಬೇಕಾಗಿಲ್ಲ. ಅದು ಚೆಲ್ಲಿದ್ದು ಕಾಗದದ ಮೇಲೆ.