ಸಂಚಕಾರ ಕೊಟ್ಟ ಕಾರು

2016ರ ಆಗಸ್ಟ್ ತಿಂಗಳು. ನನ್ನ ಒಂಬತ್ತು ವರ್ಷದ ಮಾರುತಿ 800 ಕಾರಿಗೆ ಖಾನಾಪುರದಲ್ಲಿರುವ ನನ್ನ ತಂಗಿಯ ಗಂಡ 10,000 ರೂಪಾಯಿ ಸಂಚಕಾರ ಕೊಟ್ಟಿದ್ದ. 65,000ಕ್ಕೆ ಮಾತು ಮುಗಿದಿತ್ತು. ಬಕ್ರೀದ್ ಆದಮೇಲೆ ಉಳಿದದ್ದನ್ನು ಕೊಟ್ಟು ಗಾಡಿ ಒಯ್ಯುವುದೆಂದು ತೀರ್ಮಾನ. ನಮ್ಮ ಕಡೆ ಹೊಲವಿರಲಿ, ಎತ್ತಿರಲಿ, ಸಂಚಕಾರ ಕೈ ಬದಲಾಯಿಸಿತೆಂದರೆ ವ್ಯವಹಾರ ಮುಗಿದ ಹಾಗೆಯೇ. ಅದೇ ಶಬ್ದವನ್ನು ಜೀವದ ಜೊತೆ ಸೇರಿಸಿದರೆ ಅಪಾಯ ಎಂಬ ಅರ್ಥ ಬರುತ್ತದೆಂದು ಕನ್ನಡ ಕಲಿಸಿದ ಮಾಸ್ತರರು ಹೇಳಿಕೊಟ್ಟಿದ್ದರು. ಆ ತಿಂಗಳು ಎರಡೂ ಅರ್ಥಗಳು ಒಟ್ಟಿಗೇ ಬಂದವು.

ಬೆಳಗಾವಿ-ಖಾನಾಪುರ ರಸ್ತೆ ಆಗಿನ್ನೂ ಈಗಿನಂತೆ ಅಗಲವಾಗಿರಲಿಲ್ಲ. ತಂಗಿಯ ಮನೆಯಲ್ಲಿ ಊಟ ಮುಗಿಸಿ ರಾತ್ರಿ ಹೊರಟಿದ್ದೆವು. ಮಳೆ ಬಿಡದೆ ಸುರಿಯುತ್ತಿತ್ತು. ದೇಸೂರ ದಾಟಿದ ಮೇಲೆ ಎದುರಿಗೆ ಬಂದ ಲಾರಿಯ ಬೆಳಕಿಗೆ ಕಣ್ಣು ಕತ್ತಲಿಟ್ಟು ಗಾಡಿಯನ್ನು ಎಡಕ್ಕೆಳೆದೆ. ಮೋರಿಯ ಕಟ್ಟೆಗೆ ಎಡಗಡೆಯ ಮೂತಿ ಬಡಿಯಿತು. ಹೆಂಡತಿಯ ಮುಂಗೈ ಉಳುಕಿದ್ದು ಬಿಟ್ಟರೆ ಇಬ್ಬರಿಗೂ ಏನೂ ಆಗಲಿಲ್ಲ. ತಪ್ಪು ನನ್ನದೇ. ಲಾರಿಯವನು ನಿಲ್ಲಿಸಿ, ಇಳಿದು ಬಂದು, ನೀರು ಕುಡಿಸಿ ಹೋದ.

ಉದ್ಯಮಬಾಗದ ಗ್ಯಾರೇಜಿನ ಮಿಸ್ತ್ರಿ ನನಗಿಂತ ಹಿರಿಯರು. ಬಂಪರ್, ದೀಪ, ಫೆಂಡರ್, ಬಾನೆಟ್ ಎಲ್ಲ ಸೇರಿ ಡೆಂಟಿಂಗ್ ಪೇಂಟಿಂಗಿಗೆ 16,000 ಎಂದರು. ಎಡಗಾಲಿಯ ಸ್ಟ್ರಟ್ ಮತ್ತು ಕೆಳಗಿನ ತೋಳು ಬಾಗಿದ್ದವು, ಅವನ್ನೂ ಬದಲಾಯಿಸಿದರು. ಆಮೇಲೆ ಗಾಡಿಯನ್ನು ವೀಲ್ ಅಲೈನ್ಮೆಂಟ್ ಅಂಗಡಿಗೆ ಒಯ್ದರೆ ಕಂಪ್ಯೂಟರಿನ ಪರದೆಯಲ್ಲಿ ಒಂದು ಅಂಕಿ ಕೆಂಪಗೇ ಉಳಿಯಿತು. ಅಲ್ಲಿಯ ಹುಡುಗ ಕೈಚೆಲ್ಲಿದ: "ಸರ್, ಟೋ ಅಷ್ಟ ನಮ್ಮ ಕೈಯಾಗ ಐತಿ. ಕ್ಯಾಂಬರ್ ಈ ಗಾಡ್ಯಾಗ ತಿರುವಾಕ ಬರಂಗಿಲ್ಲ." ಟೋ ಎಂದರೆ ಮೇಲಿನಿಂದ ನೋಡಿದಾಗ ಗಾಲಿ ಒಳಮುಖವೋ ಹೊರಮುಖವೋ ಎಂಬ ಲೆಕ್ಕ, ಕ್ಯಾಂಬರ್ ಎಂದರೆ ಎದುರಿನಿಂದ ನೋಡಿದಾಗ ಗಾಲಿಯ ತಲೆ ಎಷ್ಟು ವಾಲಿದೆ ಎಂಬುದು. ಹೊಸ ಸ್ಟ್ರಟ್ ಹಾಕಿದ ಮೇಲೂ ಗಾಲಿ ವಾಲಿಯೇ ಇದೆಯೆಂದರೆ, ಆ ಸ್ಟ್ರಟ್ ಕೂತಿರುವ ಜಾಗವೇ ಸರಿದಿದೆ.

ಮಿಸ್ತ್ರಿ ಗಾಡಿಯನ್ನು ಸಮನೆಲದ ಮೇಲೆ ನಿಲ್ಲಿಸಿ, ಅಡಿಯ ನಾಲ್ಕು ಗೊತ್ತಾದ ತೂತುಗಳಿಂದ ತೂಗುಗುಂಡು ಇಳಿಬಿಟ್ಟು, ನೆಲದ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕಿದರು. ಗಾಡಿಯನ್ನು ಹಿಂದಕ್ಕೆ ತಳ್ಳಿ, ಮೂಲೆಯಿಂದ ಮೂಲೆಗೆ ಟೇಪು ಹಿಡಿದರು. ಎರಡು ಕರ್ಣಗಳೂ ಸಮ ಇರಬೇಕು. ಮೂರು ಮಿಲಿಮೀಟರ್ ಹೆಚ್ಚುಕಡಿಮೆಯಾದರೆ ನಡೆಯುತ್ತದಂತೆ. ನನ್ನದು ಹದಿನಾಲ್ಕು ಮಿಲಿಮೀಟರ್ ತಪ್ಪಿತ್ತು. ಬೆರಳಿನ ಅಗಲದಷ್ಟು! ಇಷ್ಟಕ್ಕೆ ಇಷ್ಟೆಲ್ಲ ರಂಪವೇ ಎಂದುಕೊಂಡೆ.

"ಸಾಹೇಬ್ರ, ಜೀಪಿಗೆ, ಲಾರಿಗೆ ಚಾಸಿ ಬ್ಯಾರೆ, ಬಾಡಿ ಬ್ಯಾರೆ. ಇದಕ್ಕ ಬಾಡೀನ ಚಾಸಿ" ಎಂದು ಮಿಸ್ತ್ರಿ ಬಾನೆಟ್ ಎತ್ತಿ ತೋರಿಸಿದರು. ಎಂಜಿನ್ನಿನ ಎರಡು ಬದಿಗೆ ಪೆಟ್ಟಿಗೆಯ ಆಕಾರದ ಎರಡು ಕಾಲುಗಳಿರುತ್ತವೆ. ಗುದ್ದಿದಾಗ ಇವು ಮಡಚಿಕೊಂಡು ಏಟನ್ನು ನುಂಗಬೇಕು, ಒಳಗೆ ಕೂತವರಿಗೆ ಮುಟ್ಟಿಸಬಾರದು. ನಮ್ಮನ್ನು ಆ ರಾತ್ರಿ ಉಳಿಸಿದ್ದೂ ಈ ಎಡಗಾಲೇ. ಆದರೆ ಒಮ್ಮೆ ಮಡಚಿದ ತಗಡಿನ ಗುಣ ಕೆಡುತ್ತದೆ. ಬಡಿದು ಸೀದಾ ಮಾಡಿದರೆ ಮಡಿಕೆ ಬಿದ್ದಲ್ಲಿ ಬಿರುಸಾಗುತ್ತದೆ, ಗ್ಯಾಸಿನಲ್ಲಿ ಕಾಯಿಸಿದರೆ ಮೆತ್ತಗಾಗುತ್ತದೆ. ಎರಡನೆಯ ಸಲ ಏಟು ಬಿದ್ದಾಗ ಅದು ಹೇಗೆ ನಡೆದುಕೊಳ್ಳುತ್ತದೋ ಯಾರೂ ಹೇಳಲಾರರು. ಬರೀ ಬಾಗಿದ್ದರೆ ಗಾಡಿಯನ್ನು ಬೆಂಚಿಗೆ ಬಿಗಿದು ಹೈಡ್ರಾಲಿಕ್ ಸರಪಳಿಯಿಂದ ನಿಧಾನವಾಗಿ ಎಳೆಯಬಹುದು. ಮಡಚಿದ್ದರೆ ಕತ್ತರಿಸಿ ಹೊಸ ಕಾಲು ಕೂಡಿಸಿ ವೆಲ್ಡ್ ಮಾಡಬೇಕು. ಹೈಡ್ರಾಲಿಕ್ ಪಂಪು, ವಾಲ್ವು ತಯಾರಿಸಿ ಊರೂರಿಗೆ ಕಳಿಸುವ ಊರು ನಮ್ಮದು, ಎಳೆಯುವವರಿಗೇನೂ ಬರವಿರಲಿಲ್ಲ. ಖರ್ಚು ಇನ್ನೂ 28,000.

ನನ್ನ ಹತ್ತಿರ ಥರ್ಡ್ ಪಾರ್ಟಿ ವಿಮೆ ಮಾತ್ರ ಇತ್ತು. ಪೂರ್ಣ ವಿಮೆ ಇದ್ದಿದ್ದರೂ ಐದು ವರ್ಷ ಮೀರಿದ ಗಾಡಿಯ ಲೋಹದ ಭಾಗಗಳಿಗೆ ಶೇ. 40 ಸವಕಳಿ ಕಳೆಯುತ್ತಾರೆ. ರಿಪೇರಿಯ ಖರ್ಚು ಘೋಷಿತ ಮೌಲ್ಯದ ಶೇ. 75 ದಾಟಿದರೆ ಗಾಡಿಯನ್ನೇ ಮುಗಿದುಹೋಯಿತೆಂದು ಲೆಕ್ಕ ಹಾಕುತ್ತಾರೆ. ಅಂಥ ಕಾಗದದ ಲೆಕ್ಕವಾದರೂ ಇದ್ದಿದ್ದರೆ ತೀರ್ಮಾನದ ಭಾರ ನನ್ನ ತಲೆಯ ಮೇಲಿರುತ್ತಿರಲಿಲ್ಲ.

ಮನಸ್ಸಿನ ಒಂದು ಮಾತನ್ನು ಇಲ್ಲಿ ಮುಚ್ಚಿಡಲಾರೆ. ಬಣ್ಣ ಒಣಗಿ ಹೊರಬಂದ ಕಾರು ಹೊಸದರಂತೆ ಹೊಳೆಯುತ್ತಿತ್ತು. ಅಪಘಾತವಾದದ್ದು ತಂಗಿಯ ಮನೆಗೆ ಗೊತ್ತಿತ್ತು. ಆದರೆ ಕಟ್ಟೆಗೆ ಸ್ವಲ್ಪ ತಾಗಿತು, ಬಂಪರ್ ಹೋಯಿತು ಎಂದಷ್ಟೇ ಫೋನಿನಲ್ಲಿ ಹೇಳಿದ್ದೆ. ಹದಿನಾಲ್ಕು ಮಿಲಿಮೀಟರಿನ ಸಂಗತಿ ಮಿಸ್ತ್ರಿಗೆ ಮತ್ತು ನನಗೆ ಮಾತ್ರ ಗೊತ್ತು. ನಾಲ್ಕೈದು ದಿನ ಹಾಗೇ ಕಳೆದೆ. ಆಗಲೇ ಕುರ್ಬಾನಿಯ ಆಡು ಕೊಳ್ಳಲು ಸಂತೆಗೆ ಹೋಗಬೇಕಾಯಿತು. ಅಬ್ಬಾ ಕಲಿಸಿದಂತೆ ಆಡಿನ ಕಣ್ಣು ನೋಡಿದೆ, ಕೊಂಬು ಮುಟ್ಟಿದೆ, ಕುಂಟುತ್ತದೆಯೇ ಎಂದು ನಾಲ್ಕು ಹೆಜ್ಜೆ ನಡೆಸಿದೆ. ಐಬು ಇರಬಾರದು. ಉರ್ದು ಶಾಲೆಯಲ್ಲಿ ಕಲಿತ ಈ ಶಬ್ದವನ್ನು ನಮ್ಮ ಓಣಿಯ ಕನ್ನಡದವರೂ ಅದೇ ಅರ್ಥದಲ್ಲಿ ಆಡುತ್ತಾರೆ. ಆಡು ಮಾರುವವನು ತಾನಾಗಿ ಒಂದರ ಕಿವಿ ಎತ್ತಿ, "ಇದು ಬ್ಯಾಡ್ರಿ, ಕಿವಿ ಹರದೈತಿ" ಎಂದು ಪಕ್ಕಕ್ಕೆ ಸರಿಸಿದ. ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ಮರುದಿನವೇ ಖಾನಾಪುರಕ್ಕೆ ಬಸ್ಸಿನಲ್ಲಿ ಹೋದೆ. ತಂಗಿಯ ಗಂಡನದು ಮಡಿಕೆ, ಹಂಚಿನ ವ್ಯಾಪಾರ. ಖಾನಾಪುರದ ಮಣ್ಣಿಗೆ ಹೆಸರಿದೆ. ಖಾದಿ ಆಯೋಗದವರು ಕುಂಬಾರಿಕೆ ಕಲಿಸುವ ಸಂಸ್ಥೆಯನ್ನು ಅಲ್ಲೇ ನಡೆಸುತ್ತಾರೆ. ನಾನು ಹೋದಾಗ ಅವನು ಒಂದೊಂದೇ ಮಡಿಕೆಯನ್ನು ಬೆರಳಿನ ಗೆಣ್ಣಿನಿಂದ ಬಡಿದು, ನಾದ ಕೇಳಿ, ಬಿರುಕಿದ್ದವನ್ನು ಬೇರೆ ಇಡುತ್ತಿದ್ದ. ಎಲ್ಲ ಹೇಳಿದೆ. ಗಮನವಿಟ್ಟು ಕೇಳಿ, "ಓಡ್ತೈತಿ ಹೌದಲ್ರಿ, ಭಾಯಿಜಾನ್? ಹಂಗಾರ 45,000ಕ್ಕ ಕೊಡ್ರಿ. ಎಳಸೂದು ಗಿಳಸೂದು ಬ್ಯಾಡ" ಎಂದ.

ಹೇಳಿಬಿಟ್ಟರೆ ನನ್ನ ಕೆಲಸ ಮುಗಿಯಿತು ಎಂದುಕೊಂಡಿದ್ದೆ. ಮುಗಿಯಲಿಲ್ಲ. ಐಬು ತಿಳಿಸಿದ್ದಾಯಿತು, ಕೊಳ್ಳುವವನು ಒಪ್ಪಿದ್ದಾಯಿತು, ಬೆಲೆಯೂ ಇಳಿದದ್ದಾಯಿತು. ವ್ಯವಹಾರದಲ್ಲಿ ಇನ್ನು ದೋಷವಿಲ್ಲ. ಆದರೆ ಒಪ್ಪಿದವನು ಅವನು. ಎಡಗಡೆಯ ಸೀಟಿನಲ್ಲಿ ಕೂರುವವಳು ನನ್ನ ತಂಗಿ, ಅವಳ ತೊಡೆಯ ಮೇಲೆ ಮೂರು ವರ್ಷದ ಹುಡುಗಿ. ಮಿಸ್ತ್ರಿಯನ್ನು ಕೇಳಿದೆ: ನಿಮ್ಮ ಗಾಡಿಯಾಗಿದ್ದರೆ? ಅವರು ಕೈ ಒರೆಸಿಕೊಳ್ಳುತ್ತ, "ನಾನ ಓಡಸ್ಕೋತ ಹೋಗ್ತಿದ್ದೆ. ಮಗಳಿಗೆ ಕೊಡತಿರಲಿಲ್ಲ" ಎಂದರು.

28,000 ಹಾಕಿ ಎಳೆಸುವುದೇ? ಕಾಲು ಹೊಸದಾದೀತು. ಆದರೆ ಒಂಬತ್ತು ಮಳೆಗಾಲ ಕಂಡ ನೆಲದ ತಗಡಿಗೆ ಅಲ್ಲಲ್ಲಿ ತುಕ್ಕು ಹಿಡಿದಿತ್ತು. ಸರಪಳಿಯ ಎಳೆತಕ್ಕೆ ಎಲ್ಲಿ ಹರಿದೀತೋ ಎಂಬ ಅನುಮಾನ ಮಿಸ್ತ್ರಿಗೂ ಇತ್ತು. ಕೊನೆಗೆ ಎಳೆಸಲಿಲ್ಲ, ಮಾರಲಿಲ್ಲ. ಬಿಡಿಭಾಗಗಳಿಗೆಂದು ಗುಜರಿಗೆ 17,000ಕ್ಕೆ ಕೊಟ್ಟೆ. ಮೇಲೆ ಬಳಿದ ಹೊಸ ಬಣ್ಣ ದಂಡವಾಯಿತು. ಗುಜರಿಯವನು ಆರ್‌ಸಿಯನ್ನೂ ಕೇಳಿದ, ಕೊಡಲಿಲ್ಲ. ಗಾಡಿ ಬಳಕೆಗೆ ಬಾರದಂತಾದರೆ ಹದಿನಾಲ್ಕು ದಿನದೊಳಗೆ ಆರ್‌ಟಿಓಗೆ ತಿಳಿಸಬೇಕೆಂದು ಮೋಟಾರು ವಾಹನ ಕಾಯ್ದೆಯ 55ನೇ ಕಲಮಿನಲ್ಲಿದೆ. ಹಾಗೇ ಮಾಡಿದೆ. ಇಲ್ಲದಿದ್ದರೆ ಆ ನಂಬರು ಇನ್ನಾವುದೋ ಗಾಡಿಯ ಮೈಮೇಲೆ ಓಡಾಡುತ್ತಿತ್ತು.

10,000 ಸಂಚಕಾರವನ್ನು ಹಿಂದಿರುಗಿಸಿದಾಗ ತಂಗಿ ಹಣವನ್ನು ಕೈಯಿಂದ ತೆಗೆದುಕೊಳ್ಳಲಿಲ್ಲ, ಮೇಜಿನ ಮೇಲೆ ಇಡಲು ಹೇಳಿದಳು. ಹೆಚ್ಚಿನ ಬೆಲೆಗೆ ಬೇರೆಯವರು ಸಿಕ್ಕಿರಬೇಕೆಂದು ಅವರ ಮನೆಯಲ್ಲಿ ಮಾತಾಗಿತ್ತಂತೆ. ಆ ಬಕ್ರೀದಿಗೆ ಅವರು ಬೆಳಗಾವಿಗೆ ಬರಲಿಲ್ಲ.

2017ರ ಮಾರ್ಚಿನಲ್ಲಿ ಒಂದು ಮದುವೆಯ ನೆಪದಿಂದ ನಾನೇ ಹೋದೆ. ಅಂಗಳದಲ್ಲಿ ಬೆಳ್ಳಿ ಬಣ್ಣದ ಮಾರುತಿ 800 ನಿಂತಿತ್ತು. ಎಲ್ಲೋ ಸೆಕೆಂಡ್ ಹ್ಯಾಂಡ್ ಸಿಕ್ಕಿತಂತೆ, 60,000. ಹೊಳೆಯುತ್ತಿತ್ತು. ತಂಗಿಯ ಗಂಡ ಅದರ ಸುತ್ತ ಒಂದು ಸುತ್ತು ಬಂದು, "ಹೆಂಗೈತಿ ಭಾಯಿಜಾನ್?" ಎಂದ. ಚಪ್ಪಲಿ ಸರಿಪಡಿಸಿಕೊಳ್ಳುವವನಂತೆ ನಾನು ಮುಂದಿನ ಗಾಲಿಯ ಬಳಿ ಕೂತೆ. ಟೈರಿನ ಹೊರ ಅಂಚಿನಲ್ಲಿ ಗೆರೆಗಳು ನಿಚ್ಚಳವಾಗಿದ್ದವು. ಒಳ ಅಂಚಿಗೆ ಬೆರಳು ಹಾಕಿದರೆ ನುಣ್ಣಗೆ ಸವೆದಿತ್ತು.

"ಚಹಾ ಆರ್ತೈತಿ" ಎಂದು ತಂಗಿ ಬಾಗಿಲಿನಿಂದ ಕರೆದಳು. ಆರು ತಿಂಗಳ ಮೇಲೆ ನನ್ನೊಡನೆ ಅವಳು ಆಡಿದ ಮೊದಲ ಮಾತು. ಎದ್ದು, ಕೈ ಒರೆಸಿಕೊಂಡು, "ಸೋಮವಾರ ಇದನ್ನ ಉದ್ಯಮಬಾಗಕ್ಕ ತಗೊಂಡ ಬಾ, ಮಿಸ್ತ್ರಿಗೆ ಒಮ್ಮೆ ತೋರಿಸೋಣ" ಎಂದೆ. ತಂಗಿಯ ಗಂಡ ನನ್ನ ಮುಖ ನೋಡಿದ. ತಂಗಿ ಬಾಗಿಲಲ್ಲೇ ನಿಂತಿದ್ದಳು.